ಪಾಕೀಟಿನ ಬೆನ್ನುಡಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಊಟವನ್ನು ಅರಿಯುವುದು ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಹೊಲದಲ್ಲಿ ಏನು ಬೆಳೆಯಿತು, ಹಗೇವಿನಿಂದ ಏನು ತೆಗೆದರು, ಒಲೆಯ ಮೇಲೆ ಏನು ಬೆಂದಿತು ಎಂಬುದೆಲ್ಲ ಉಣ್ಣುವವನ ಕಣ್ಣ ಮುಂದೆಯೇ ಇತ್ತು. ಊಟ ಬಲ್ಲವನು ಎಂದರೆ ಎಷ್ಟು ಉಣ್ಣಬೇಕು, ಯಾವಾಗ ಕೈ ತೊಳೆಯಬೇಕು ಎಂದು ತಿಳಿದವನು, ಅಷ್ಟೇ. ಇಂದು ಅದೇ ಗಾದೆಯನ್ನು ಹೇಳುವಾಗ ನಾಲಿಗೆ ತುಸು ತಡವರಿಸುತ್ತದೆ. ಉಣ್ಣುವವನಿಗೂ ಅವನ ತುತ್ತಿಗೂ ನಡುವೆ ಮೂವರು ಬಂದು ಕುಳಿತಿದ್ದಾರೆ. ಪಾಕೀಟಿನ ಮೇಲೆ ಬರೆಯುವವನು ಒಬ್ಬ, ಅದಕ್ಕೆ ತೆರಿಗೆ ಹಾಕುವವನು ಇನ್ನೊಬ್ಬ, ಅದನ್ನು ಹೊಗಳಿ ಮಾರುವವನು ಮತ್ತೊಬ್ಬ. ಗಾದೆ ಮಾತ್ರ ಇನ್ನೂ ಎಲ್ಲ ಹೊಣೆಯನ್ನು ಉಣ್ಣುವವನ ಹೆಗಲಿಗೇ ಹೊರಿಸುತ್ತದೆ. ಈ ಹಂಚಿಕೆ ನ್ಯಾಯವಾದುದೆ?

ಕುಂದಗೋಳ ತಾಲೂಕಿನ ಯರಗುಪ್ಪಿಯನ್ನೇ ತೆಗೆದುಕೊಳ್ಳೋಣ. ಎರಿ ಭೂಮಿಯ ಸೀಮೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಕಂಡ ನೆಲ. ಈ ಸೀಮೆಯ ಗಂಗಾಳದಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಪಕ್ಕಕ್ಕೆ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಕಡೆಗೊಂದಿಷ್ಟು ಮಜ್ಜಿಗೆ ಇದ್ದರೆ ಆಹಾರ ತಜ್ಞರು ಪಟ್ಟಣದಲ್ಲಿ ದುಡ್ಡು ತೆಗೆದುಕೊಂಡು ಬರೆದುಕೊಡುವ ಪಥ್ಯಕ್ಕೆ ಅದು ಎಳ್ಳಷ್ಟೂ ಕಡಿಮೆಯಲ್ಲ. ಇದನ್ನು ಹೇಳಿದೊಡನೆ ‘ಆ ಕಾಲ ಚಂದ ಇತ್ತು’ ಎಂದು ಹಳಹಳಿಸುವ ಅಗತ್ಯವಿಲ್ಲ. ಬರಗಾಲದಲ್ಲಿ ಇದೇ ಗಂಗಾಳ ಬರಿದಾಗಿದ್ದುದೂ ಉಂಟು. ಕೂಲಿ ಮಾಡುವವರ ಮನೆಯಲ್ಲಿ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ಉಂಡುದೂ ಉಂಟು. ಇಂದಿನ ಪ್ರಶ್ನೆ ಬೇರೆ. ಇಂದು ಹಸಿವು ಹಿಂದೆ ಸರಿದಿದೆ. ಸಕ್ಕರೆ ಕಾಯಿಲೆ, ಬಿ.ಪಿ. ಮುಂದೆ ಬಂದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ ಎಂದು ತಿಳಿದುಬಂತು. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ ದೇಶದ ಒಟ್ಟು ರೋಗಭಾರದ ಶೇ. 56.4ರಷ್ಟು ತಪ್ಪು ಆಹಾರದಿಂದ ಬಂದದ್ದು ಎಂದು ಅಂದಾಜು ಮಾಡಿತು. ಇದು ಬೆಂಗಳೂರು, ಮುಂಬಯಿಗಳ ಮಾತಷ್ಟೇ ಅಲ್ಲ. ಯಾವ ಹಳ್ಳಿಯ ಕಿರಾಣಿ ಅಂಗಡಿಯ ಮುಂದೆ ನಿಂತರೂ ತಲೆಯ ಮೇಲೆ ಬಣ್ಣಬಣ್ಣದ ಪಾಕೀಟುಗಳ ಮಾಲೆ ತೂಗುತ್ತಿರುತ್ತದೆ. ದೇವರ ಗುಡಿಗೆ ಕಟ್ಟಿದ ತೋರಣವೂ ಇಷ್ಟು ದಟ್ಟವಾಗಿರಲಾರದು.

ಈ ಪಾಕೀಟನ್ನು ಒಂದು ಪುಸ್ತಕದಂತೆ ಓದಿ ನೋಡಬೇಕು. ಅದಕ್ಕೊಂದು ಮುಖಪುಟವಿದೆ, ಒಂದು ಬೆನ್ನುಡಿಯಿದೆ. ಮುಖಪುಟದಲ್ಲಿ ಗೋದಿಯ ತೆನೆ, ಹಾಲಿನ ಧಾರೆ, ಕುಣಿಯುವ ಮಗು, ‘ಶಕ್ತಿ’ ಎಂಬ ಮಾತು. ಬೆನ್ನಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣಕ್ಷರ. ಸಾಹಿತ್ಯದ ಪುಸ್ತಕಗಳಲ್ಲಿ ಬೆನ್ನುಡಿ ಹೊಗಳುತ್ತದೆ, ಒಳಗಿನ ಪುಟ ನಿಜ ಹೇಳುತ್ತದೆ. ಇಲ್ಲಿ ಅದು ತಿರುವುಮುರುವು: ಮುಖಪುಟ ಹೊಗಳುತ್ತದೆ, ನಿಜವೆಲ್ಲ ಬೆನ್ನಿಗೆ ಬಿದ್ದಿದೆ. ಕಾನೂನಿನ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಯಾವುದು ಹೆಚ್ಚೋ ಅದು ಮೊದಲು. ಬಿಸ್ಕೀಟಿನ ಬೆನ್ನು ತಿರುಗಿಸಿದರೆ ಸಾಮಾನ್ಯವಾಗಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂಬ ಮೂರೇ ಹೆಸರು ಮೊದಲ ಸಾಲಿನಲ್ಲಿ ಕುಳಿತಿರುತ್ತವೆ. ಮುಖಪುಟದ ಹಾಲು ಎಲ್ಲೋ ಕೊನೆಯ ಪಂಕ್ತಿಯಲ್ಲಿ, ಲಗ್ನದ ಮನೆಯಲ್ಲಿ ಕರೆಯದೆ ಬಂದವರ ಹಾಗೆ. ಸಕ್ಕರೆಗೂ ಒಂದೇ ಹೆಸರಿಲ್ಲ. ಗ್ಲುಕೋಸ್ ಸಿರಪ್ಪು, ಇನ್ವರ್ಟ್ ಸಿರಪ್ಪು, ಫ್ರುಕ್ಟೋಸ್ ಎಂದು ಬೇರೆ ಬೇರೆ ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಹೊಟ್ಟೆಯಲ್ಲಿ ಮಾತ್ರ ಎಲ್ಲವೂ ಒಂದಾಗುತ್ತವೆ. ‘ಸಿರಿಧಾನ್ಯದ ಬಿಸ್ಕೀಟು’ ಎಂದು ದೊಡ್ಡದಾಗಿ ಬರೆದಿದ್ದರೆ ಆ ಸಿರಿಧಾನ್ಯದ ಪಕ್ಕದಲ್ಲಿ ಶೇಕಡಾ ಎಷ್ಟು ಎಂಬ ಅಂಕಿಯನ್ನು ಹುಡುಕಿ ನೋಡಬೇಕು. ನವಣೆ, ಸಾವೆಗಳನ್ನು ಕಂಡು ಬೆಳೆದ ಸೀಮೆಯವರಿಗೆ ಆ ಅಂಕಿಯನ್ನು ನೋಡಿ ನಗೆ ಬರುವ ಸಂದರ್ಭಗಳೇ ಹೆಚ್ಚು.

ಇಷ್ಟನ್ನು ಓದಲು ಮೊದಲು ಭಾಷೆ ಬರಬೇಕಲ್ಲ! ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದರ ಕೆಳಗೆ ಬಂದ 2020ರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸಿದರೆ ಯಾರೂ ಬೇಡವೆನ್ನುವುದಿಲ್ಲ, ಸೇರಿಸದಿದ್ದರೆ ಯಾರೂ ಕೇಳುವುದಿಲ್ಲ. ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲಿಯೂ ಇರಬೇಕೆಂದು ಆದೇಶಿಸಿತು. ಒಳ್ಳೆಯದೇ. ಆದರೆ ಹೆಸರು ಕನ್ನಡದಲ್ಲಿ ಬಂದರೆ ಭಾಷೆಯ ಅಭಿಮಾನ ತಣಿಯುತ್ತದೆ. ಉಪ್ಪು, ಸಕ್ಕರೆ, ಕೊಬ್ಬಿನ ಅಂಕಿ ಕನ್ನಡದಲ್ಲಿ ಬಂದರೆ ಜೀವ ಉಳಿಯುತ್ತದೆ. ಎರಡನೆಯದಕ್ಕಾಗಿ ನಾವು ಇನ್ನೂ ಗಟ್ಟಿಯಾಗಿ ಕೇಳಿಲ್ಲ.

ಭಾಷೆ ಬಂದರೂ ಲೆಕ್ಕ ಬರಬೇಕು. ಬಿ.ಪಿ. ಇದ್ದ ಹೆಣ್ಣುಮಗಳಿಗೆ ದವಾಖಾನೆಯಲ್ಲಿ ‘ಉಪ್ಪು ಕಡಿಮಿ ಮಾಡ್ರೆವ್ವಾ’ ಎಂದು ಹೇಳಿ ಕಳಿಸುತ್ತಾರೆ. ಅವಳು ಅಂಗಡಿಗೆ ಬಂದು ‘ಇದರಾಗ ಉಪ್ಪು ಎಷ್ಟೈತ್ರಿ’ ಎಂದು ಕೇಳಿದರೆ ಪಾಕೀಟು ಉಪ್ಪಿನ ಮಾತನ್ನೇ ಆಡುವುದಿಲ್ಲ. ಅದು ಸೋಡಿಯಂ ಎನ್ನುತ್ತದೆ, ಅದೂ ಮಿಲಿಗ್ರಾಮಿನಲ್ಲಿ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಉಪ್ಪಿನ ಗ್ರಾಮು ಸಿಗುತ್ತದೆ. ನೂರು ಗ್ರಾಮಿಗೆ 800 ಮಿಲಿಗ್ರಾಮು ಸೋಡಿಯಂ ಎಂದು ಬರೆದಿದ್ದರೆ 2 ಗ್ರಾಮು ಉಪ್ಪು ಎಂದರ್ಥ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಿಯಮಗಳೂ ದಿನಕ್ಕೆ 2000 ಮಿಲಿಗ್ರಾಮು ಸೋಡಿಯಂ, 50 ಗ್ರಾಮು ಸೇರಿಸಿದ ಸಕ್ಕರೆ ಎಂಬ ಅಳತೆಯನ್ನೇ ಇಟ್ಟುಕೊಂಡಿವೆ. ಈ ಗುಣಾಕಾರ ಭಾಗಾಕಾರವನ್ನು ಡಿಗ್ರಿ ಮುಗಿಸಿದವರೂ ಅಂಗಡಿಯ ಮುಂದೆ ನಿಂತು ಮಾಡುವುದಿಲ್ಲ. ಹೊಲದಿಂದ ದಣಿದು ಬಂದವಳು ಮಾಡಬೇಕೆಂದು ಬಯಸುವುದು ಕ್ರೂರವಾದ ತಮಾಷೆ.

ಇನ್ನೊಂದು ಸೂಕ್ಷ್ಮ ಇದೆ. ಪಾಕೀಟಿನ ಮೇಲ್ಮೈ 100 ಚದರ ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಪದಾರ್ಥಗಳ ಪಟ್ಟಿ, ಪೋಷಕಾಂಶದ ವಿವರ ಬರೆಯುವುದರಿಂದ ವಿನಾಯಿತಿ ಉಂಟು. ಅವನ್ನು ಹೊರಗಿನ ದೊಡ್ಡ ಪೊಟ್ಟಣದ ಮೇಲೆ ಬರೆದರಾಯಿತು. ಸ್ಥಳವಿಲ್ಲ ಎಂಬುದು ಕಾರಣ. ಕೇಳಲು ಸರಿಯಾಗಿಯೇ ಇದೆ. ಆದರೆ ಹೊರಗಿನ ದೊಡ್ಡ ಪೊಟ್ಟಣವನ್ನು ಅಂಗಡಿಯವನು ಹರಿದು ಒಗೆದಿರುತ್ತಾನೆ. ಒಂದು ರೂಪಾಯಿ, ಎರಡು ರೂಪಾಯಿಯ ಚೀಟಿಗಳನ್ನು ಬಿಡಿಬಿಡಿಯಾಗಿ ಕೊಳ್ಳುವವರು ಯಾರು? ಶಾಲೆಯ ಮಕ್ಕಳು, ಕೂಲಿಯವರ ಮಕ್ಕಳು. ದೊಡ್ಡ ಪಾಕೀಟು ಕೊಳ್ಳುವವನಿಗೆ ವಿವರ ತಿಳಿಯುವ ಹಕ್ಕಿದೆ, ಸಣ್ಣ ಪಾಕೀಟು ಕೊಳ್ಳುವವನಿಗೆ ಇಲ್ಲ ಎಂದಾಯಿತಲ್ಲ! ಬಡವನ ಅರಿವಿಗೂ ಪಾಕೀಟಿನ ಅಳತೆಯನ್ನೇ ಹಚ್ಚಿದಂತಾಯಿತು.

ಹಾಗಾದರೆ ನಮ್ಮ ಜನ ಲೇಬಲ್ ಓದುವುದೇ ಇಲ್ಲವೆ? ಓದುತ್ತಾರೆ, ಬಹಳ ಚೆನ್ನಾಗಿ ಓದುತ್ತಾರೆ. 2001ರಿಂದ ಪಾಕೀಟುಗಳ ಮೇಲೆ ಒಂದು ಹಸಿರು ಚುಕ್ಕೆ ಬಂತು, ಸಸ್ಯಾಹಾರಕ್ಕೆ. ಮಾಂಸಾಹಾರಕ್ಕೆ ಕಂದು ಚುಕ್ಕೆ ಬಂತು. 2020ರ ನಿಯಮಗಳಲ್ಲಿ ಅದು ಕಂದು ತ್ರಿಕೋನವಾಯಿತು, ಬಣ್ಣ ಗುರುತಿಸಲಾಗದವರಿಗೂ ತಿಳಿಯಲಿ ಎಂದು. ಅಕ್ಷರ ಕಲಿಯದ ಅಜ್ಜಿಯೂ ಮೊಮ್ಮಗನ ಕೈಯ ಪಾಕೀಟನ್ನು ತಿರುಗಿಸಿ ಹಸಿರು ಚುಕ್ಕೆ ಹುಡುಕುತ್ತಾಳೆ. ಅದಕ್ಕೆ ಕನ್ನಡ ಬೇಕಾಗಲಿಲ್ಲ, ಇಂಗ್ಲಿಷು ಬೇಕಾಗಲಿಲ್ಲ, ಭಾಗಾಕಾರ ಬೇಕಾಗಲಿಲ್ಲ. ಜಾತಿ, ಮಡಿಗಳ ಪ್ರಶ್ನೆ ಬಂದಾಗ ಒಂದೇ ಚುಕ್ಕೆಯಲ್ಲಿ ಇಡೀ ದೇಶಕ್ಕೆ ತಿಳಿಯುವಂತೆ ಹೇಳಲು ನಮಗೆ ಬಂತು. ಆರೋಗ್ಯದ ಪ್ರಶ್ನೆ ಬಂದಾಗ ಮಾತ್ರ ನಮಗೆ ಸಮಿತಿ ಬೇಕಾಗುತ್ತದೆ, ಚರ್ಚೆ ಬೇಕಾಗುತ್ತದೆ, ಗಡುವಿನ ಮೇಲೆ ಗಡುವು ಬೇಕಾಗುತ್ತದೆ.

ಸಮಿತಿಗಳ ಕಥೆಯನ್ನು ಚುಟುಕಾಗಿ ಹೇಳಬಹುದು. ಚಿಲಿ ದೇಶ 2016ರ ಜೂನ್ ತಿಂಗಳಿಂದ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪಾಕೀಟುಗಳ ಮುಖದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸಿತು. ಅಂಥ ಪಾಕೀಟಿನ ಮೇಲೆ ಮಕ್ಕಳನ್ನು ಸೆಳೆಯುವ ಗೊಂಬೆ ಚಿತ್ರ ಬರೆಯಬಾರದು, ಶಾಲೆಯಲ್ಲಿ ಮಾರಬಾರದು ಎಂದೂ ಕಟ್ಟು ಮಾಡಿತು. ಅಂಥ ಮುದ್ರೆ ಬಿದ್ದ ಸಿಹಿ ಪಾನೀಯಗಳ ಖರೀದಿ ಅಲ್ಲಿ ಕಾಲುಭಾಗದ ಹತ್ತಿರ ಹತ್ತಿರ ಇಳಿಯಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಸೆಪ್ಟೆಂಬರಿನಲ್ಲಿ ಒಂದು ಕರಡು ಹೊರಡಿಸಿ ಕಪ್ಪು ಮುದ್ರೆಯ ಬದಲು ನಕ್ಷತ್ರಗಳನ್ನು ಸೂಚಿಸಿತು: ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ. ಅದೂ ಮೊದಲ 4 ವರ್ಷ ಬೇಕಾದವರು ಹಾಕಿಕೊಳ್ಳಲಿ, ಬೇಡಾದವರು ಬಿಡಲಿ ಎಂದು. ನಕ್ಷತ್ರ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಹೋಟೆಲು, ಸಿನೆಮಾ, ಪರೀಕ್ಷೆಯ ಶಾಬಾಸಗಿರಿ. ಅತ್ಯಂತ ಕೆಟ್ಟ ತಿನಿಸಿಗೂ ಅರ್ಧ ನಕ್ಷತ್ರದ ಬಹುಮಾನ! ಇದಲ್ಲದೆ ಆ ಲೆಕ್ಕದಲ್ಲಿ ಸಕ್ಕರೆ ಉಪ್ಪುಗಳಿಗೆ ಬಂದ ಕೆಟ್ಟ ಅಂಕಗಳನ್ನು ಒಂದಿಷ್ಟು ನಾರು, ಒಂದಿಷ್ಟು ಪ್ರೋಟೀನು ಸೇರಿಸಿ ಕಡಿಮೆ ಮಾಡಿಕೊಳ್ಳಬಹುದು. ಸಾಲಗಾರನು ದಾನವನ್ನೂ ಮಾಡಿದ್ದಾನೆ ಎಂದು ಬಡ್ಡಿ ಬಿಟ್ಟ ಹಾಗೆ. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಪರ್ಯಾಪ್ತ ಕೊಬ್ಬಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂಬ ಪ್ರಸ್ತಾಪಕ್ಕೆ ಪ್ರಾಧಿಕಾರ ಒಪ್ಪಿಗೆ ಕೊಟ್ಟಿತು. 2025ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು, ಪಾಕೀಟಿನ ಮುಖದ ಮೇಲಿನ ಎಚ್ಚರಿಕೆಯ ಬಗ್ಗೆ 3 ತಿಂಗಳೊಳಗೆ ತಜ್ಞರ ಶಿಫಾರಸು ಬರಲಿ ಎಂದಿತು. ಆ ಗಡುವೂ ಮುಂದೆ ಸರಿಯಿತು. ಪಾಕೀಟಿನ ಮೇಲೆ ಕೊನೆಯ ದಿನಾಂಕ ಬರೆಯುವುದು ಕಡ್ಡಾಯ. ಸಮಿತಿಗಳ ಮೇಲೆ ಬರೆಯುವ ನಿಯಮ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಬೆನ್ನುಡಿಯಿಂದ ಮುಖಪುಟಕ್ಕೆ ಬರೋಣ, ಅಂದರೆ ಜಾಹೀರಾತಿಗೆ. ಹಾಲಿಗೆ ಹಾಕುವ ಪುಡಿಗಳು ಎರಡು ಮೂರು ತಲೆಮಾರುಗಳಿಂದ ನಮ್ಮ ಮಧ್ಯಮ ವರ್ಗದ ತಾಯಂದಿರ ಅಳುಕನ್ನೇ ಬಂಡವಾಳ ಮಾಡಿಕೊಂಡವು. ಮಗು ಎತ್ತರ ಬೆಳೆಯದಿದ್ದರೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಎಂಬ ಅಳುಕು. ಕಪಿಲದೇವ, ಸಚಿನ್ ತೆಂಡೂಲ್ಕರರಂಥವರು ಬೂಸ್ಟ್ ಡಬ್ಬಿಯ ಪಕ್ಕದಲ್ಲಿ ನಿಂತು ನಕ್ಕರು. ಹಳ್ಳಿಯಲ್ಲಿ ಮನೆಯ ಎಮ್ಮೆಯ ಹಾಲನ್ನು ಡೇರಿಗೆ ಹಾಕಿ, ಬಂದ ದುಡ್ಡಿನಲ್ಲಿ ಪುಡಿಯ ಡಬ್ಬಿ ತಂದು, ಉಳಿದ ತೆಳು ಹಾಲಿಗೆ ಅದನ್ನು ಕಲಸಿ ಕುಡಿಸುವ ಪರಿಪಾಠವೂ ಬೆಳೆಯಿತು. 2023ರಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ತರುಣ ಬೋರ್ನ್‌ವೀಟಾದ ಬೆನ್ನುಡಿಯನ್ನು ಗಟ್ಟಿಯಾಗಿ ಓದಿ ಹೇಳಿದ, ಅಷ್ಟೇ. ಕಂಪನಿಯಿಂದ ವಕೀಲರ ನೋಟೀಸು ಬಂತು, ಅವನು ಆ ವಿಡಿಯೋವನ್ನು ಹಿಂದೆಗೆದುಕೊಂಡ. ಆದರೆ ಅಷ್ಟರಲ್ಲಿ ದೇಶವೆಲ್ಲ ಕೇಳಿತ್ತು. ಆ ವರ್ಷದ ಕೊನೆಗೆ ಆ ಪುಡಿಯಲ್ಲಿ ಸೇರಿಸುವ ಸಕ್ಕರೆ ಕಡಿಮೆಯಾಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ ಎಂಬ ಗುಂಪಿನಲ್ಲಿಟ್ಟು ಮಾರಬಾರದೆಂದು ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು. ಕಾರಣ ಕೇಳಿದರೆ ಆಶ್ಚರ್ಯವಾಗಬೇಕು: ‘ಆರೋಗ್ಯ ಪೇಯ’ ಎಂಬ ಮಾತಿಗೆ ನಮ್ಮ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಇಲ್ಲದ ಹೆಸರೊಂದು ಇಷ್ಟು ವರ್ಷ ಕೋಟಿಗಟ್ಟಲೆ ವ್ಯಾಪಾರ ಮಾಡಿತು.

ಇದಕ್ಕಿಂತ ಗಂಭೀರವಾದುದು ಓ.ಆರ್.ಎಸ್. ಪ್ರಕರಣ. ವಾಂತಿಭೇದಿಯಾದ ಮಗುವಿಗೆ ಕುಡಿಸುವ ಈ ಉಪ್ಪುಸಕ್ಕರೆಯ ದ್ರಾವಣದಿಂದ ಉಳಿದ ಜೀವಗಳು ಅಸಂಖ್ಯ. ಅದರಲ್ಲಿ ಲೀಟರಿಗೆ 13.5 ಗ್ರಾಮು ಗ್ಲುಕೋಸು ಎಂದು ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡಿದೆ. ಆದರೆ ಆ ಮೂರಕ್ಷರವನ್ನು ಹೆಸರಿನಲ್ಲಿ ಸೇರಿಸಿಕೊಂಡು, ಅದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆಯ ಹಣ್ಣಿನ ಪಾನೀಯಗಳು ಔಷಧದ ಅಂಗಡಿಗಳಲ್ಲಿಯೇ ಕುಳಿತವು. ಕೆಳಗೆ ಸಣ್ಣಕ್ಷರದಲ್ಲಿ ‘ಇದು ಅದಲ್ಲ’ ಎಂದು ಬರೆದರೆ ಸಾಕಾಗಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಕೂಗಿಕೊಂಡ ಮೇಲೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಹೆಸರಿನ ದುರ್ಬಳಕೆಯನ್ನು ನಿಲ್ಲಿಸಿತು. ಒಂದು ಮಾತನ್ನು ಗಮನಿಸಬೇಕು. ದೊಡ್ಡಕ್ಷರದ ಸುಳ್ಳನ್ನು ಸಣ್ಣಕ್ಷರದ ನಿಜ ಎಂದೂ ತೊಳೆಯಲಾರದು. ಸಣ್ಣಕ್ಷರ ಇರುವುದು ಓದುಗನಿಗಾಗಿ ಅಲ್ಲ, ಕೋರ್ಟಿಗಾಗಿ.

ಸಾರ್ವಜನಿಕ ಕೋಲಾಹಲವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 2015ರ ಜೂನ್ ತಿಂಗಳಲ್ಲಿ ಮ್ಯಾಗಿ ನೂಡಲ್ಸಿನ ಮೇಲೆ ನಿಷೇಧ ಬಂದಾಗ ಚರ್ಚೆಯಾದದ್ದು ಸೀಸದ ಅಂಶ ಮತ್ತು ‘ಎಂ.ಎಸ್.ಜಿ. ಸೇರಿಸಿಲ್ಲ’ ಎಂಬ ಬರಹ. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟು ನಿಷೇಧವನ್ನು ರದ್ದು ಮಾಡಿತು, ಪಾಕೀಟು ಮತ್ತೆ ಅಂಗಡಿಗೆ ಬಂತು, ಜನ ಸಮಾಧಾನದ ಉಸಿರು ಬಿಟ್ಟರು. ಆ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ ಮೈದಾ, ಎಣ್ಣೆ, ಉಪ್ಪು ಕೂಡಿದ ಇಂಥ ತಿನಿಸು ಮಕ್ಕಳ ದಿನನಿತ್ಯದ ಊಟವಾಗಬಹುದೆ ಎಂಬುದು. ವಿಷವಿದೆಯೆ ಎಂದು ಕೇಳಿದೆವು. ಊಟವಿದೆಯೆ ಎಂದು ಕೇಳಲಿಲ್ಲ.

ಇನ್ನು ತೆರಿಗೆ. ಆಹಾರದ ಮೇಲಿನ ಕರ ಎಂದರೆ ನಮ್ಮ ನೆನಪು ಉಪ್ಪಿಗೆ ಹೋಗುತ್ತದೆ. 1930ರಲ್ಲಿ ಅಂಕೋಲೆಯ ಸಮುದ್ರತೀರದಲ್ಲಿ ಕನ್ನಡಿಗರು ಉಪ್ಪು ತಯಾರಿಸಿ ಕಾನೂನು ಮುರಿದರು. ಬಡವನ ತುತ್ತಿನ ಮೇಲೆ ಕರ ಹಾಕುವುದು ಪಾಪ ಎಂಬ ಭಾವನೆ ಅಂದಿನಿಂದ ನಮ್ಮ ರಕ್ತದಲ್ಲಿದೆ. ಇಂದಿಗೂ ಉಪ್ಪಿಗೆ ಜಿ.ಎಸ್.ಟಿ. ಇಲ್ಲ. ಆದ್ದರಿಂದ ತಿನಿಸಿಗೆ ತೆರಿಗೆ ಹೆಚ್ಚಿಸಿ ಎಂದು ಯಾರಾದರೂ ಹೇಳಿದರೆ ಮೊದಲು ಅನುಮಾನದಿಂದಲೇ ನೋಡಬೇಕು. ಐದು ರೂಪಾಯಿಯ ಬಿಸ್ಕೀಟು, ಒಂದು ಕಪ್ಪು ಚಹಾ ಎಷ್ಟೋ ಜನ ಕೂಲಿಕಾರರಿಗೆ ಮುಂಜಾನೆಯ ನಾಷ್ಟಾ ಆಗಿರುವಾಗ ಅದರ ಬೆಲೆ ಏರಿಸುವುದು ಹಗುರದ ಮಾತಲ್ಲ.

ಆದರೆ ತೆರಿಗೆ ಈಗಾಗಲೇ ಇದೆ, ಅದು ಈಗಾಗಲೇ ನಮ್ಮ ಆಯ್ಕೆಗಳನ್ನು ತಿದ್ದುತ್ತಿದೆ. ಪ್ರಶ್ನೆ ಅದು ಯಾವ ದಿಕ್ಕಿಗೆ ತಿದ್ದುತ್ತಿದೆ ಎಂಬುದು. 2022ರ ಜುಲೈ 18ರಿಂದ ಪಾಕೀಟು ಮಾಡಿ ಲೇಬಲ್ ಹಚ್ಚಿದ ಕಾಳುಕಡ್ಡಿ, ಹಿಟ್ಟು, ಬೆಲ್ಲ, ಮೊಸರು, ಮಜ್ಜಿಗೆ, ನಮ್ಮ ಚುರುಮರಿ ಎಲ್ಲಕ್ಕೂ ಶೇ. 5 ತೆರಿಗೆ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. ಆಗ ಬಿಸ್ಕೀಟಿಗೆ ಶೇ. 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಹೊಸ ದರಗಳು ಬಂದವು. ಬಿಸ್ಕೀಟು, ಚಾಕೊಲೇಟು, ಐಸ್‌ಕ್ರೀಮು, ಜಾಮು, ಖಾರದ ಪಾಕೀಟು, ನೂಡಲ್ಸು, ಮಾಲ್ಟಿನ ಪುಡಿ ಇವೆಲ್ಲ 12 ಅಥವಾ 18ರಿಂದ ಒಮ್ಮೆಲೆ 5ಕ್ಕೆ ಇಳಿದವು. ಜೋಳದ ಹಿಟ್ಟಿನ ಪಾಕೀಟು 5ರಲ್ಲಿಯೇ ನಿಂತಿತು. ಇದರ ಅರ್ಥ ಇಷ್ಟು: ಸರಕಾರದ ಕಣ್ಣಿಗೆ ಈಗ ಜೋಳದ ಹಿಟ್ಟೂ ಒಂದೇ, ಚಾಕೊಲೇಟೂ ಒಂದೇ. ಸಮದರ್ಶಿತ್ವ ಸಂತರಿಗೆ ಭೂಷಣ, ತೆರಿಗೆ ಇಲಾಖೆಗೆ ಅಲ್ಲ.

ಬೆಲೆ ಇಳಿದದ್ದರಿಂದ ಬಡವರಿಗೆ ಉಪಕಾರವಾಯಿತು ಎನ್ನುವವರು ಒಂದು ವಿಷಯ ನೋಡಬೇಕು. ಐದು, ಹತ್ತು ರೂಪಾಯಿಯ ಪಾಕೀಟು ಮಾರುವ ಅನೇಕ ಕಂಪನಿಗಳು ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುವ ದಾರಿಯನ್ನು ಹಿಡಿದವು. ಚಿಲ್ಲರೆ ಕೊಡುವುದು ಕಷ್ಟ ಎಂಬುದು ನಿಜವೇ. ಫಲ ಏನು? ಅದೇ ಐದು ರೂಪಾಯಿಗೆ ಇನ್ನೆರಡು ಬಿಸ್ಕೀಟು. ಬಿಟ್ಟ ತೆರಿಗೆ ಬಡವನ ಕಿಸೆಗೆ ಬರಲಿಲ್ಲ, ಮೈದಾ ಸಕ್ಕರೆಯ ರೂಪದಲ್ಲಿ ಅವನ ಹೊಟ್ಟೆಗೆ ಹೋಯಿತು.

ಇದೇ ದರಪಟ್ಟಿಯಲ್ಲಿ ಗುಳ್ಳೆ ಬರುವ ತಂಪು ಪಾನೀಯಗಳಿಗೆ ಶೇ. 40. ಮೊದಲೂ ಅಷ್ಟೇ ಇತ್ತು: 28ರ ಮೇಲೆ 12ರ ಸೆಸ್ಸು. ಭಲೇ ಎನ್ನಬೇಕು ಎನ್ನುವಷ್ಟರಲ್ಲಿ ಪಕ್ಕದ ಸಾಲು ಕಣ್ಣಿಗೆ ಬೀಳುತ್ತದೆ. ಹಣ್ಣಿನ ರಸ ಸೇರಿಸಿದ, ಗುಳ್ಳೆಯಿಲ್ಲದ ಸಿಹಿ ಪಾನೀಯಕ್ಕೆ ಶೇ. 5. ಸಕ್ಕರೆಯೇ ಇಲ್ಲದ ಕೋಲಾಕ್ಕೂ ಶೇ. 40. ಹಾಗಾದರೆ ಈ ತೆರಿಗೆ ಯಾವುದರ ಮೇಲಿನದು? ಸಕ್ಕರೆಯ ಮೇಲಲ್ಲ, ಗುಳ್ಳೆಯ ಮೇಲೆ! ಬ್ರಿಟನ್ನಿನಲ್ಲಿ 2018ರಿಂದ ನೂರು ಮಿಲಿಲೀಟರಿಗೆ ಎಷ್ಟು ಗ್ರಾಮು ಸಕ್ಕರೆ ಎಂದು ಅಳೆದು ಮೆಟ್ಟಿಲು ಮೆಟ್ಟಿಲಾಗಿ ಕರ ಹಾಕಿದರು. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳು ತಾವಾಗಿ ಸಕ್ಕರೆ ಇಳಿಸಿದವು. ನಮ್ಮಲ್ಲಿ ಸಕ್ಕರೆ ಇಳಿಸಿದವನಿಗೆ ಯಾವ ಲಾಭವೂ ಇಲ್ಲ. ಮೆಕ್ಸಿಕೋದಲ್ಲಿ 2014ರಲ್ಲಿ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ಕರ ಹಾಕಿದರು, ಖರೀದಿ ಇಳಿಯಿತು. ಡೆನ್ಮಾರ್ಕಿನಲ್ಲಿ 2011ರಲ್ಲಿ ಕೊಬ್ಬಿನ ಮೇಲೆ ಕರ ಹಾಕಿದರು. ಜನ ಗಡಿ ದಾಟಿ ಜರ್ಮನಿಗೆ ಹೋಗಿ ಬೆಣ್ಣೆ ತರತೊಡಗಿದರು, 2013ರ ಹೊಸ ವರ್ಷಕ್ಕೆ ಕರ ಹೋಯಿತು. ನೆರೆಯ ಕೇರಳ 2016ರಲ್ಲಿ ಹೆಸರಾಂತ ಹೋಟೆಲುಗಳ ಬರ್ಗರು ಪಿಜ್ಜಾಗಳಿಗೆ ಶೇ. 14.5 ಕೊಬ್ಬಿನ ಕರ ಹಾಕಿ ಸುದ್ದಿ ಮಾಡಿತು. ಅದು ಸಾಮಾನ್ಯನ ತಟ್ಟೆಯ ಹತ್ತಿರವೂ ಸುಳಿಯಲಿಲ್ಲ. ಮರುವರ್ಷ ಜಿ.ಎಸ್.ಟಿ. ಬಂದು ಎಲ್ಲವನ್ನೂ ನುಂಗಿತು. ತೆರಿಗೆ ಔಷಧವಿದ್ದಂತೆ. ಪ್ರಮಾಣ ಸರಿಯಿರಬೇಕು, ರೋಗ ಇರುವಲ್ಲಿಗೇ ತಲುಪಬೇಕು.

ನಮ್ಮ ರೊಟ್ಟಿಯ ಪಾಡನ್ನೂ ಹೇಳಬೇಕು. 2020ರ ಮೇ ತಿಂಗಳಲ್ಲಿ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರ, ರೊಟ್ಟಿ ಚಪಾತಿಗೆ ಶೇ. 5 ಇದ್ದರೂ ಪರೋಟಾ ಆ ಜಾತಿಯದಲ್ಲ, ಅದಕ್ಕೆ ಶೇ. 18 ಎಂದು ತೀರ್ಪಿತ್ತು. ದೇಶವೆಲ್ಲ ನಕ್ಕಿತು. 2025ರ ಹೊಸ ದರಗಳಲ್ಲಿ ರೊಟ್ಟಿ, ಚಪಾತಿ, ಪರೋಟಾ ಎಲ್ಲಕ್ಕೂ ತೆರಿಗೆ ಹೋಯಿತು. ಕುಂದಗೋಳ, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಬಡಿದು, ಕಟ್ಟು ಕಟ್ಟಿ ಮಾರುತ್ತಾರೆ. ಅವರ ವ್ಯಾಪಾರ ತೆರಿಗೆಯ ಮಿತಿಯೊಳಗೆ ಬರುವಷ್ಟು ದೊಡ್ಡದೇ ಅಲ್ಲ. ಅವರಿಗೆ ಬೇಕಾದದ್ದು ಬೇರೆ. ಐದು ರೂಪಾಯಿಯ ಬಿಸ್ಕೀಟಿಗೆ ಹಳ್ಳಿಹಳ್ಳಿಗೂ ಹೋಗುವ ಲಾರಿಯಿದೆ, ಕ್ರಿಕೆಟ್ ಆಟಗಾರನಿದ್ದಾನೆ, ಟಿ.ವಿ. ಇದೆ. ಖಡಕ್ ರೊಟ್ಟಿಗೆ, ಶೇಂಗಾ ಹಿಂಡಿಗೆ ಬಡಿಯುವವಳ ಕೈಯೊಂದೇ ಇದೆ. ಅಂತರ ತೆರಿಗೆಯದಲ್ಲ, ದನಿಯದು.

ಬೆಲೆಯ ಮಾತು ಬಂದಾಗ ಪಾಕೀಟನ್ನಷ್ಟೇ ಬಯ್ದು ಬಿಡುವುದೂ ನ್ಯಾಯವಲ್ಲ. 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ಹಿಮ್ಮೆಟ್ಟಿಸಿತು, ಅದರ ಪುಣ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರೊಟ್ಟಿಯ ಸೀಮೆಗೆ ಮುಖ್ಯವಾಗಿ ಬಂದದ್ದು ಅಕ್ಕಿ. ಪುಕ್ಕಟೆ ಅಕ್ಕಿಯ ಎದುರಿಗೆ ದುಡ್ಡು ಕೊಟ್ಟು ತರುವ ಜೋಳ ಸೋಲುವುದು ಸಹಜ. 2025-26ಕ್ಕೆ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಆ ಬೆಲೆಗೆ ನಮ್ಮ ಜೋಳವನ್ನು ಕೊಂಡು ನಮ್ಮ ಪಡಿತರದಲ್ಲಿಯೇ ಮನಸ್ಸಿಟ್ಟು ಹಂಚುವುದು ಯಾವ ಲೇಬಲ್ಲಿಗಿಂತಲೂ ದೊಡ್ಡ ಆರೋಗ್ಯ ಕಾರ್ಯಕ್ರಮವಾದೀತು. ಎಣ್ಣೆಯದೂ ಇದೇ ಕಥೆ. 2025ರ ಮೇ ಕೊನೆಗೆ ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿದರು. ಹೊರಗಿನ ಎಣ್ಣೆ ಅಗ್ಗವಾದಷ್ಟೂ ಕರಿದ ಪಾಕೀಟು ಅಗ್ಗ. ಕುಸುಬಿ ಬಿತ್ತಿದವನ ಪಾಡು ಯಾರಿಗೆ ಬೇಕು?

ನಮ್ಮ ಊರಿನ ತಿನಿಸುಗಳೆಲ್ಲ ನಿರಪರಾಧಿಗಳು ಎಂದೂ ಅಲ್ಲ. ಮಿರ್ಚಿ ಭಜಿಯ ಬಾಣಲೆಯಲ್ಲಿ ಅದೇ ಎಣ್ಣೆ ಎಷ್ಟು ದಿನ ಕಾಯಿತು ಎಂಬುದಕ್ಕೆ ಲೇಬಲ್ ಇಲ್ಲ. ಗೋಬಿ ಮಂಚೂರಿ ಕೆಂಪಗಾಗಲು ಏನು ಬಳಿದರು ಎಂದು ಯಾರೂ ಬರೆದು ಹಚ್ಚುವುದಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು; ಪರೀಕ್ಷೆಯಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿತ್ತು. ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸು ಮಾರಬಾರದೆಂದು 2020ರಲ್ಲಿಯೇ ನಿಯಮ ಬಂದಿದೆ. ಹಳ್ಳಿಗಳಲ್ಲಿ ಆ 50 ಮೀಟರನ್ನು ಅಳೆಯಲು ಟೇಪು ಹಿಡಿದವರನ್ನು ಯಾರೂ ಕಂಡಂತಿಲ್ಲ.

ಹಾಗಾದರೆ ಏನೂ ಆಗುವುದಿಲ್ಲವೆ? ಆಗುತ್ತದೆ, ಆದದ್ದುಂಟು. ವನಸ್ಪತಿಯಲ್ಲಿ ಇರುತ್ತಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿ ಎಂದು ಗೊತ್ತಾದ ಮೇಲೆ ಎಣ್ಣೆ, ಕೊಬ್ಬುಗಳಲ್ಲಿ ಅದು 2021ರಲ್ಲಿ ಶೇ. 3ನ್ನು, 2022ರ ಜನವರಿಯಿಂದ ಶೇ. 2ನ್ನು ಮೀರಬಾರದು ಎಂದು ಕಟ್ಟಾಯಿತು. ಇದಕ್ಕಾಗಿ ಯರಗುಪ್ಪಿಯ ಯಾವ ತಾಯಿಯೂ ಸಣ್ಣಕ್ಷರ ಓದಬೇಕಾಗಲಿಲ್ಲ. ಭಾಗಾಕಾರ ಮಾಡಬೇಕಾಗಲಿಲ್ಲ. ಕೆಡುಕನ್ನು ಕಾರಖಾನೆಯ ಬಾಗಿಲಿನಲ್ಲಿಯೇ ತಡೆದರು. ತಡೆಯಬಹುದಾದುದನ್ನು ಅಲ್ಲಿಯೇ ತಡೆಯಬೇಕು. ತಡೆಯಲಾಗದುದರ ಮೇಲೆ ಹಸಿರು ಚುಕ್ಕೆಯಷ್ಟು ಸರಳವಾದ, ಅಕ್ಷರ ಬೇಡದ ಎಚ್ಚರಿಕೆಯ ಮುದ್ರೆಯನ್ನು ಮುಖಪುಟದ ಮೇಲೆಯೇ ಒತ್ತಬೇಕು, ಒಂದು ರೂಪಾಯಿಯ ಚೀಟಿಯ ಮೇಲೂ. ತೆರಿಗೆ ಗುಳ್ಳೆಯನ್ನು ಬಿಟ್ಟು ಗ್ರಾಮನ್ನು ಅಳೆಯಬೇಕು. ಅದರಿಂದ ಬಂದ ದುಡ್ಡು ಜೋಳ, ಕಾಳು, ಶೇಂಗಾಗಳನ್ನು ಪಡಿತರಕ್ಕೂ ಶಾಲೆಯ ಬಿಸಿಯೂಟಕ್ಕೂ ತರಬೇಕು. ಇಷ್ಟಾದ ಮೇಲೆ ಉಳಿದ ಹೊಣೆ ಉಣ್ಣುವವನದು. ಆಗ ಬೇಕಾದರೆ ಅವನಿಗೆ ಗಾದೆ ಹೇಳೋಣ.